ಮಿಕ್ಸರಿಗೆ ಕುಂಕುಮ, ಅಳಿಯನಿಗೆ ವ್ಯಾಟ್

ಅರ್ಥಶಾಸ್ತ್ರದಲ್ಲಿ ಎಂ.ಎ. ಮಾಡಿದವನು ತೆರಿಗೆಯ ವಿಷಯದಲ್ಲಿ ಎಡವುವುದಿಲ್ಲ ಎಂದು ನಾನು ನಂಬಿದ್ದ ಕಾಲವೊಂದಿತ್ತು. ತೊಂಬತ್ತರ ದಶಕದ ಕೊನೆ ಇರಬೇಕು, ನಾವಾಗ ಲಂಡನ್ನಿನ ಕೆಂಟನ್ನಿನಲ್ಲಿದ್ದೆವು. ಧಾರವಾಡದಿಂದ ಬಂದಿದ್ದ ಅತ್ತೆ ಊರಿಗೆ ಹೊರಟಿದ್ದರು. ಅಲ್ಲಿ ಸಣ್ಣ ಮಗಳಿಗೆ ದಿನ ತುಂಬಿತ್ತು, ಬಾಣಂತನಕ್ಕೆ ಇವರೇ ಆಗಬೇಕು. ಈ ವಿಮಾನ ತಪ್ಪಿದರೆ ಅಜ್ಜಿಗಿಂತ ಮೊದಲು ಕೂಸು ಬಂದುಬಿಡುತ್ತದೆ ಎಂದು ನನ್ನ ಹೆಂಡತಿ ಸುಧಾ ವಾರದಿಂದ ಜಪ ಮಾಡುತ್ತಿದ್ದಳು.

ಬಾಣಂತಿಯ ಅಡುಗೆಗೆಂದು ಅತ್ತೆ ಒಂದು ಮಿಕ್ಸರ್ ಕೊಂಡಿದ್ದರು. ಅಂಗಡಿಯಲ್ಲೇ ನಾನು ಉಪನ್ಯಾಸ ಕೊಟ್ಟೆ. ಈ ದೇಶದಲ್ಲಿ ವ್ಯಾಟ್ ಎಂಬ ಮಾರಾಟ ತೆರಿಗೆ ಚೀಟಿಯ ಮೇಲಿನ ಬೆಲೆಯೊಳಗೇ ಅಡಗಿ ಕೂತಿರುತ್ತದೆ. ಅಕ್ಕಿಗೆ ಇಲ್ಲ, ಅಕ್ಕಿ ಅರೆಯುವ ಮಿಕ್ಸರಿಗೆ ಉಂಟು. ಆದರೆ ಹೊರದೇಶದ ಅತಿಥಿ ಸಾಮಾನನ್ನು ಬಳಸದೆ ಹಾಗೇ ಊರಿಗೆ ಒಯ್ದರೆ ಆ ತೆರಿಗೆ ಮರಳಿ ಬರುತ್ತದೆ. ವಿಮಾನ ನಿಲ್ದಾಣದಲ್ಲಿ ಕಸ್ಟಮ್ಸಿನವರ ಒಂದು ಮುದ್ರೆ, ಅಷ್ಟೆ.

“ಬಿಡ್ರಿ ಅಳಿಯಾರ, ಕೊಟ್ಟದ್ದು ಕೊಟ್ವಿ,” ಎಂದರು ಅತ್ತೆ.

“ಹಕ್ಕು ಬಿಡಬಾರದ್ರಿ ಅತ್ತಿ,” ಎಂದೆ. ಹಕ್ಕು ಎಂಬ ಮಾತು ಬಂದೊಡನೆ ಸುಧಾ ನಿಟ್ಟುಸಿರು ಬಿಟ್ಟಳು.

ಹೀಥ್ರೂಗೆ ಬೇಗನೇ ಹೋದೆವು. ಪೆಟ್ಟಿಗೆ ತೂಗಿಸಿ, ಬೆಲ್ಟಿನ ಮೇಲೆ ಕಳಿಸಿ, ರಾಜಗಾಂಭೀರ್ಯದಿಂದ ಕಸ್ಟಮ್ಸ್ ಮೇಜಿಗೆ ನಡೆದೆ. ಅಲ್ಲಿದ್ದ ಅಧಿಕಾರಿಣಿ ಅಂಗಡಿಯವರು ಕೊಟ್ಟ ಕಾಗದ ನೋಡಿ, ಸಾಮಾನು ಎಲ್ಲಿ ಎಂದು ಕೇಳಿದಳು.

ಸಾಮಾನು ಮುಂಬಯಿಯ ದಾರಿ ಹಿಡಿದಿತ್ತು.

ಪೆಟ್ಟಿಗೆ ತೂಗಿದ ಕೌಂಟರಿನ ಹುಡುಗಿ ಯಾರುಯಾರಿಗೋ ಫೋನು ಮಾಡಿ ಪೆಟ್ಟಿಗೆಯನ್ನು ಹಿಂದಕ್ಕೆ ಕರೆಸಿದಳು. ಅಷ್ಟು ಹೊತ್ತೂ ನಾನು ಶಾಂತವಾಗಿ ಕಾದೆನೆಂದು ನನ್ನ ನೆನಪು. ಬೆಲ್ಟಿನ ಮೇಲೆ ಒಂದು ಕಾಲು ಇಟ್ಟಿದ್ದೆನೆಂದು ಸುಧಾಳ ನೆನಪು. ಅವಳದ್ದೇ ಸರಿಯಿರಬೇಕು, ಪ್ಯಾಂಟಿಗೆ ಗ್ರೀಸ್ ಹತ್ತಿತ್ತು.

ಪೆಟ್ಟಿಗೆಗೆ ಅತ್ತೆ ನೈಲಾನ್ ಹಗ್ಗ ಬಿಗಿದಿದ್ದರು. ಆ ಗಂಟುಗಳು ಉಗುರಿಗೂ ಬಗ್ಗಲಿಲ್ಲ, ಹಲ್ಲಿಗೂ ಬಗ್ಗಲಿಲ್ಲ. ಕೌಂಟರ್ ಮುಚ್ಚುವ ಹೊತ್ತು ಹತ್ತಿರವಾಗುತ್ತಿತ್ತು. ಕಡೆಗೆ ಅಧಿಕಾರಿಣಿಯೇ ಕತ್ತರಿ ಕೊಟ್ಟಳು. ಮಿಕ್ಸರನ್ನು ಮೇಜಿನ ಮೇಲಿಟ್ಟೆ. ಮೈಗೆ ಅರಿಶಿನ, ನೆತ್ತಿಗೆ ಕುಂಕುಮ. ಜಾರಿನ ತುಂಬ ಕೆಂಪಗೆ ಶೇಂಗಾ ಚಟ್ನಿಪುಡಿ.

ಇದನ್ನು ಬಳಸಿದ್ದೀರಿ, ಎಂದಳು ಆಕೆ.

ನಾನು ಅತ್ತೆಯ ಕಡೆ ತಿರುಗಿದೆ.

“ಹೊಸಾ ಸಾಮಾನ, ಪೂಜಾ ಮಾಡಬ್ಯಾಡೇನ್ರಿ? ಬಾಣಂತಿ ಮನಿಗೆ ಖಾಲಿ ಭಾಂಡೆ ಯಾರರೆ ಒಯ್ತಾರೇನು? ಚಟ್ನಿ ಮಾಡಿದ್ದು ನಿಮ್ಮ ಹಳೇ ಮಿಕ್ಸರಿನ್ಯಾಗ. ಇದರಾಗ ಬರೇ ತುಂಬೀನಿ.”

ಇದನ್ನೆಲ್ಲ ಈಗ ಇಂಗ್ಲಿಷಿಗೆ ತರಬೇಕು. ಎಂ.ಎ. ಕೈಕೊಟ್ಟಿತು.

“ಮೇಡಂ, ಇದನ್ನು ಬಳಸಿಲ್ಲ,” ಎಂದೆ. “ಪೂಜಿಸಲಾಗಿದೆ.”

ಆಕೆ ಒಮ್ಮೆ ಕುಂಕುಮ ನೋಡಿದಳು, ಒಮ್ಮೆ ನನ್ನನ್ನು ನೋಡಿದಳು. ಅಷ್ಟರಲ್ಲಿ ಕೌಂಟರಿನ ಹುಡುಗಿ ಓಡಿಬಂದು, ಪೆಟ್ಟಿಗೆ ಈಗಲೇ ಕೊಡದಿದ್ದರೆ ವಿಮಾನದ ಆಸೆ ಬಿಡಿ ಎಂದಳು.

“ನಿಮ್ಮ ತೆರಿಗಿಗೆ ಬೆಂಕಿ ಹಚ್ರಿ,” ಎಂದಳು ಸುಧಾ ಹಲ್ಲು ಕಚ್ಚಿ. “ಅವ್ವನ್ನ ಕಳಸ್ರಿ ಮೊದಲ.”

ಅಧಿಕಾರಿಣಿ ಜಾರಿನ ಮುಚ್ಚಳ ತೆಗೆದು ಬಗ್ಗಿ ಮೂಸಿದಳು. ಕಟ್ಟಡ ನಡುಗುವಂತೆ ಸೀನಿದಳು. ಎರಡನೆಯ ಸೀನು ಬರುವ ಮೊದಲು, ಕಣ್ಣೀರಿನಲ್ಲೇ ಮುದ್ರೆ ಒತ್ತಿ, ಇದನ್ನು ದೂರ ತೆಗೆದುಕೊಂಡು ಹೋಗಿ ಎಂದು ಕೈ ಬೀಸಿದಳು. ಮುಂದಿನದು ನನಗೆ ಸರಿಯಾಗಿ ನೆನಪಿಲ್ಲ. ಸುಧಾ ಪೆಟ್ಟಿಗೆ ಮುಚ್ಚಿದಳು, ಹುಡುಗಿ ಕಸಿದುಕೊಂಡಳು, ಅತ್ತೆ ನೆರಿಗೆ ಎತ್ತಿ ಹಿಡಿದು ಓಡಿದರು.

ವಿಮಾನ ಸಿಕ್ಕಿತು. ಅಜ್ಜಿ ಮನೆ ಮುಟ್ಟಿದ ಮೇಲೆಯೇ ಕೂಸು ಹುಟ್ಟಿತು. ಕೆಲವು ವಾರಗಳಲ್ಲಿ ತೆರಿಗೆಯ ಹಣವೂ ಬಂತು. ವಿಜಯವಾರ್ತೆ ತಿಳಿಸಲು ನಾನೇ ಧಾರವಾಡಕ್ಕೆ ಫೋನು ಮಾಡಿದೆ.

“ಛಲೋ ಆತು,” ಎಂದರು ಅತ್ತೆ. “ಕೂಸಿನ ಗದ್ದಲದಾಗ ಕೇಳೂದ ಮರ್ತಿದ್ದೆ. ಮಿಕ್ಸರ್ ಬಂದದ. ಜಾರ್ ಎಲ್ಲಿ ಅಳಿಯಾರ?”

ಜಾರ್ ನಮ್ಮ ಊಟದ ಮೇಜಿನ ಮೇಲಿತ್ತು. ಅಂದು ಮುದ್ರೆ ಬಿದ್ದ ಸಂತೋಷದಲ್ಲಿ ಅದನ್ನು ಎದೆಗವಚಿಕೊಂಡೇ ನಾನು ಮನೆಗೆ ಟ್ಯೂಬ್ ರೈಲು ಹತ್ತಿದ್ದೆ. ಮನೆಗೆ ಬಂದಮೇಲೆ, ಅತ್ತೆ ನಮಗೇ ಬಿಟ್ಟುಹೋದದ್ದು ಎಂದು ತಿಳಿದು ದಿನವೂ ಅದರೊಳಗಿನ ಚಟ್ನಿಪುಡಿಯನ್ನು ಮೊಸರನ್ನಕ್ಕೆ ಹಾಕಿಕೊಂಡು ತಿನ್ನುತ್ತಿದ್ದೆ.

ತೊಳೆದು ಅಂಚೆಗೆ ಒಯ್ದೆ. ತೆರಿಗೆಯಲ್ಲಿ ಬಂದದ್ದು ತೂಕದ ಯಂತ್ರದ ಮೇಲೆಯೇ ಕರಗಿತು. ಪಾರ್ಸೆಲ್ಲಿನ ಚೀಟಿಯಲ್ಲಿ, ಈ ಸಲ ಯಾರೂ ಕೇಳದೆಯೇ, ‘ಬಳಸಿದ್ದು’ ಎಂದು ಬರೆದೆ.

ಪಕ್ಕದಲ್ಲಿ ನಿಂತಿದ್ದ ಸುಧಾ ಮೆಲ್ಲಗೆ ಹೇಳಿದಳು, “ಅಂಚೀಗೆ ವ್ಯಾಟ್ ಇಲ್ಲಂತ್ರಿ. ವಾಪಸ್ ಕೇಳಲಿಕ್ಕೆ ಹೋಗಬ್ಯಾಡ್ರಿ ಮತ್ತ.”