ಕುಬೇರಪ್ಪ ಬರೆದ ಒಳ್ಳೇ ಮಗ

ಕುಬೇರಪ್ಪನ ಕತೆ ಅಚ್ಚಾದದ್ದು ಒಂದು ಭಾನುವಾರ. ಅಚ್ಚಾಗದೇ ಇದ್ದಿದ್ದರೆ ಅವನು ಸೋಮವಾರವೂ ಮರ್ಯಾದಸ್ಥನಾಗಿಯೇ ಉಳಿಯುತ್ತಿದ್ದ.

ಗಂಗಾವತಿಯ ಒಂದು ಅಕ್ಕಿ ಗಿರಣಿಯಲ್ಲಿ ಅವನು ಗುಮಾಸ್ತ. ಹಗಲೆಲ್ಲ ಚೀಲ ಎಣಿಸುವುದು ಹೊಟ್ಟೆಪಾಡು. ಸಂಜೆ ಮೈಮೇಲಿನ ಹೊಟ್ಟು ಜಾಡಿಸಿಕೊಂಡು ಕತೆ ಬರೆಯುವುದು ಚಟ. ಕೊಲೆ, ಕ್ರಾಂತಿ, ಪ್ರೇಮ ಅವನಿಗೆ ಒಗ್ಗುತ್ತಿರಲಿಲ್ಲ. ಒಬ್ಬ ತಾಯಿ, ಇಬ್ಬರು ಮಕ್ಕಳು, ದೇವರ ಮೇಲೆ ಒಂದಿಷ್ಟು ಭಾರ, ಕೊನೆಗೆ ಓದಿದವರ ಕಣ್ಣಲ್ಲಿ ಎರಡು ಹನಿ ನೀರು, ಇಷ್ಟಿದ್ದರೆ ಅವನಿಗೆ ಸಾಕು. ಅವನ ಕತೆಗಳು ಪತ್ರಿಕೆಗೆ ಹೋಗಿ, ಬೇಸಿಗೆಯಲ್ಲಿ ಕೆರೆಗೆ ಹೋದ ಎಮ್ಮೆಯ ಹಾಗೆ ಒಣ ಮೈಯಲ್ಲೇ ವಾಪಸು ಬರುತ್ತಿದ್ದವು.

ಹಿಂದೆ ಒಂದೇ ಒಂದು ಕತೆ ಅಚ್ಚಾಗಿತ್ತು. ಅದರಲ್ಲಿ ಯಲಬುರ್ಗಾದ ಸೋದರತ್ತೆಯನ್ನು ಇದ್ದದ್ದು ಇದ್ದ ಹಾಗೆ ಬರೆದಿದ್ದ. ಇದ್ದದ್ದು ಇದ್ದ ಹಾಗೆ ಹೇಳಿದರೆ ಎದ್ದು ಬಂದು ಎದೆಗೆ ಒದ್ದರಂತೆ. ಆ ಮನೆಯವರು ಇವತ್ತಿಗೂ ಇವನಿಗೆ ಮದುವೆ ಕಾರ್ಡು ಕೊಡುವುದಿಲ್ಲ. ಆಮೇಲೆ ಕುಬೇರಪ್ಪ ಒಂದು ಉಪಾಯ ಹೂಡಿದ. ಮನೆಯ ಸಂಗತಿ ಬರೆಯುವಾಗ ಮನುಷ್ಯರನ್ನು ಅದಲುಬದಲು ಮಾಡಿಬಿಡುವುದು. ಯಾರಿಗೂ ಗುರುತು ಹತ್ತಬಾರದು, ಯಾರಿಗೂ ನೋವಾಗಬಾರದು.

ಈ ಸಲ ಬರೆದದ್ದು ಅವ್ವ ಕಳಕಮ್ಮನ ಕತೆ. ಅವ್ವ ಇದ್ದದ್ದು ಹಿರಿಮಗನಾದ ಇವನ ಹತ್ತಿರ. ಅವಳ ಮೊಣಕಾಲಿಗೆ ಎಣ್ಣೆ ತಿಕ್ಕುವವನು ಇವನು. ಅಮಾವಾಸ್ಯೆಗೊಮ್ಮೆ ಬೈಕಿನ ಹಿಂದೆ ಕೂಡಿಸಿಕೊಂಡು ಹೇಮಗುಡ್ಡದ ದುರ್ಗಮ್ಮನ ಗುಡಿಗೆ ಕರೆದೊಯ್ಯುವವನೂ ಇವನೇ. ತಮ್ಮ ದ್ಯಾಮಣ್ಣ ಕುಷ್ಟಗಿಯಲ್ಲಿ ಹಳೇ ಟ್ರ್ಯಾಕ್ಟರುಗಳ ದಲ್ಲಾಳಿ. ಅವ್ವನ ಕಣ್ಣಿನ ಆಪರೇಷನ್ನಿಗೂ ಬರಲಿಲ್ಲ. ಹಬ್ಬಕ್ಕೊಮ್ಮೆ ಫೋನು ಮಾಡಿ "ಅವ್ವ ಹೆಂಗದಾಳ?" ಎಂದು ಕೇಳಿ, ಉತ್ತರ ಬರುವ ಮೊದಲೇ "ಆತು, ಇಡ್ತೀನಿ" ಎನ್ನುವ ಪೈಕಿ.

ಇದನ್ನೇ ಬರೆದರೆ ತನ್ನ ಬೆನ್ನು ತಾನೇ ತಟ್ಟಿಕೊಂಡ ಹಾಗಾಗುತ್ತದೆ. ಕುಬೇರಪ್ಪ ಸಂಕೋಚದ ಪ್ರಾಣಿ. ಆದ್ದರಿಂದ ಕತೆಯಲ್ಲಿ ಹಿರಿಮಗನನ್ನು ಕಟುಕ ಮಾಡಿದ. ಅವನು ತಾಯಿಗೆ ತಂಗಳು ಹಾಕುತ್ತಾನೆ, ಹಿತ್ತಲಲ್ಲಿ ಮಲಗಿಸುತ್ತಾನೆ, ಅವಳು ಎಲೆ‌ಅಡಿಕೆ ಕುಟ್ಟುವ ಕುಟ್ಟಾಣಿಯ ಸದ್ದಿಗೂ ಸಿಡುಕುತ್ತಾನೆ. ಕಿರಿಮಗ ಮಾತ್ರ ದೇವರಂಥವನು. ಕೊನೆಗೆ ಅವನೇ ಬಂದು "ಅವ್ವಾ, ನಡಿ" ಎಂದು ತನ್ನ ಮನೆಗೆ ಕರೆದೊಯ್ಯುತ್ತಾನೆ. ಹಿರಿಮಗ ಬಾಗಿಲಲ್ಲಿ ನಿಂತು ನೋಡುತ್ತಾನೆ. 'ತಾಯಿ ಒಮ್ಮೆಯೂ ಹಿಂತಿರುಗಿ ನೋಡಲಿಲ್ಲ' ಎಂಬ ಕೊನೆಯ ಸಾಲು ಬರೆದಾಗ ಕುಬೇರಪ್ಪನಿಗೇ ದುಃಖ ಒತ್ತರಿಸಿ ಬಂದು, ಪೆನ್ನು ಕೆಳಗಿಟ್ಟು ಮೂಗು ಒರೆಸಿಕೊಂಡಿದ್ದ.

ಮನುಷ್ಯರನ್ನು ಅದಲುಬದಲು ಮಾಡಿದವನು ಸಾಮಾನುಗಳನ್ನು ಮರೆತಿದ್ದ. ಕುಟ್ಟಾಣಿ, ನೀಲಿ ದಡಿಯ ಇಳಕಲ್ ಸೀರೆ, ಹೇಮಗುಡ್ಡದ ಹರಕೆ, ಗದ್ದದ ಮೇಲಿನ ಮಚ್ಚೆ, ಎಲ್ಲವೂ ಅವ್ವನವೇ ಆಗಿ ಕತೆಯಲ್ಲಿ ಕೂತಿದ್ದವು.

ಬೆಳಿಗ್ಗೆ ಪತ್ರಿಕೆಯ ಇನ್ನೆರಡು ಪ್ರತಿ ಕೊಳ್ಳಲು ಅವನು ಓಣಿಯ ತುದಿಯ ಮುರ್ತುಜಾಸಾಬನ ಕಿರಾಣಿ ಅಂಗಡಿಗೆ ಹೋದ. ಮುರ್ತುಜಾಸಾಬ ಗಲ್ಲಾಪೆಟ್ಟಿಗೆಯ ಮುಂದಿನಿಂದ ಎದ್ದು ನಿಂತ.

"ಓದಿದ್ನಿರಿ ಕುಬೇರಣ್ಣ. ಮಗಳು ಜರೀನಾ ಓದಿ ಹೇಳಿದ್ಳು. ನಮ್ಮ ಮನ್ಯಾಗ ಯಾರೂ ಚಾ ಸೈತ ಕುಡೀಲಿಲ್ಲ ನೋಡ್ರಿ."

ಕುಬೇರಪ್ಪನ ಎದೆ ಉಬ್ಬಿತು. "ಅಷ್ಟು ಛಲೋ ಬಂದೈತೇನ್ರಿ?"

"ಛಲೋದು ಕೆಟ್ಟದ್ದು ನನಗ ತಿಳಿಯೂದಿಲ್ಲ. ಮಾಡಿದ ಗುನ್ಹೆ ನಾಕು ಮಂದಿ ಮುಂದ ಒಪ್ಪಿಕೊಳ್ಳಾಕ ದೊಡ್ಡ ಮನಸು ಬೇಕು. ಒಪ್ಪಿಕೊಂಡವಗ ಮಾಫಿ ಐತ್ರಿ. ಇನ್ನರ ಆ ಮುದುಕಿನ ನೆಟ್ಟಗ ನೋಡ್ಕೊರ್ರಿ."

"ಅಯ್ಯ, ಅದು ಕತಿ ರೀ! ಅದರಾಗಿನ ಹಿರೇಮಗ ನಾ ಅಲ್ಲ!"

"ಮತ್ತ ನಿಮ್ಮವ್ವಗ ನಿಮಗಿಂತ ಹಿರೇಮಗ ಯಾರದಾರ?" ಎಂದ ಮುರ್ತುಜಾಸಾಬ, ಬಹಳ ಕನಿಕರದಿಂದ. ಪತ್ರಿಕೆಗೆ ದುಡ್ಡನ್ನೂ ತೆಗೆದುಕೊಳ್ಳಲಿಲ್ಲ.

ಕುಬೇರಪ್ಪ ಮನೆಗೆ ಬರುವಷ್ಟರಲ್ಲಿ ಎದುರುಮನೆ ಕನಕಮ್ಮ ಪಡಸಾಲೆಯಲ್ಲಿ ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದಳು. ಓಣಿಯಲ್ಲಿ ಯಾರ ಮನೆಯ ಒಲೆ ಹೊತ್ತಿದರೂ ಹೊಗೆ ಮೊದಲು ಕನಕಮ್ಮನ ಮೂಗಿಗೆ. ಅವಳ ಮುಂದೆ ಅವ್ವ ಕೂತು ನಿನ್ನೆಯ ಒಣಗಿದ ರೊಟ್ಟಿಯನ್ನು ಮಜ್ಜಿಗೆಯಲ್ಲಿ ಕಿವುಚಿ ಉಣ್ಣುತ್ತಿದ್ದಳು.

"ಇದು ಏನು ದ್ರಾಕ್ಷಾಯಿಣಿ? ತಂಗಳ ರೊಟ್ಟಿ!"

ಕುಬೇರಪ್ಪನ ಹೆಂಡತಿ ದ್ರಾಕ್ಷಾಯಿಣಿ ಅಡುಗೆಮನೆಯಿಂದ ಓಡಿಬಂದಳು. "ಅತ್ತಿಯವರಿಗೆ ಹಲ್ಲಿಲ್ಲಲ್ರಿ ಅಕ್ಕಾರ. ಕಟಗ ರೊಟ್ಟಿ ನೆನಸಿ ಕೊಟ್ರನೇ ಅವರಿಗೆ ಸೇರ್ತೈತಿ."

"ಕತ್ಯಾಗ ಹಿರೇಸೊಸಿನೂ ಹಿಂಗೇ ಅಂತಾಳ!"

ಅದು ನಿಜವಾಗಿತ್ತು. ಆ ಮಾತು ಬರೆದಾಗ ಭಾಳ ಸಹಜವಾಗಿ ಬಂದಿದೆ ಎಂದು ಕುಬೇರಪ್ಪ ಖುಷಿಪಟ್ಟಿದ್ದ. ಕನಕಮ್ಮ ಅಷ್ಟಕ್ಕೇ ಬಿಡದೆ ಹಿತ್ತಲ ಬಾಗಿಲು ತೆರೆದಳು. ತಿಗಣೆ ಆಗಿವೆಯೆಂದು ದ್ರಾಕ್ಷಾಯಿಣಿ ಅವತ್ತೇ ಬೆಳಿಗ್ಗೆ ಅವ್ವನ ಮಂಚವನ್ನು ಹಿತ್ತಲ ಬಿಸಿಲಿಗೆ ಹಾಕಿದ್ದಳು. ಮೇಲೆ ಅವ್ವನ ಕೌದಿಯೂ ಇತ್ತು.

"ಹಿತ್ತಲದಾಗ!" ಎಂದಳು ಕನಕಮ್ಮ. ಆ ಒಂದು ಮಾತು ಓಣಿಯ ಕೊನೆಯ ಮನೆಯವರೆಗೂ ಕೇಳಿಸಿತು.

ಮಧ್ಯಾಹ್ನದ ಹೊತ್ತಿಗೆ ಶಾವಿಗೆ ಪಾಯಸ, ಮಾದಲಿ, ಎಣ್ಣೆಗಾಯಿ ಎಲ್ಲ ಮನೆಗಳಿಂದ ಬಂದವು. ತಂದವರು ಕುಬೇರಪ್ಪನ ಕಡೆ ನೋಡದೆ ನೇರ ಅವ್ವನ ಮುಂದಿಟ್ಟು ಸೆರಗಿನಿಂದ ಕಣ್ಣೊರೆಸಿಕೊಂಡು ಹೋದರು. ಅವ್ವ ಯಾವುದಕ್ಕೂ ಬೇಡವೆನ್ನಲಿಲ್ಲ.

"ಇಷ್ಟು ವರ್ಷ ಅತ್ತಿ ಕಾಲು ಒತ್ತಿದ್ದಕ್ಕ ಛಲೋ ಹೆಸರು ಕೊಟ್ರಿ ನನಗ," ಎಂದಳು ದ್ರಾಕ್ಷಾಯಿಣಿ.

"ನಿನ್ನ ಹೆಸರು ಎಲ್ಲೈತಿ ಅದರಾಗ?"

"ಹೆಸರು ಯಾಕ ಬೇಕ್ರಿ? ಕೆಟ್ಟಾಕಿನ ಮಾಡಾಕ ನಿಮಗ ನಿಮ್ಮ ತಮ್ಮನ ಹೇಂತಿ ಸಿಗಲಿಲ್ಲೇನು?"

"ಅಕಿನ್ನೇ ಬರದೀನಿ! ನಿನ್ನ ಜಾಗಾದಾಗ ಅಕಿನ್ನ ಇಟ್ಟೀನಿ, ಅಷ್ಟೇ!"

ದ್ರಾಕ್ಷಾಯಿಣಿ ಒಳಗೆ ಹೋದಳು. ಅವತ್ತು ಅವನ ತಾಟಿಗೂ ನೆನೆಸಿದ ಕಟಗ ರೊಟ್ಟಿಯೇ ಬಿತ್ತು.

ಉಣ್ಣುತ್ತಿದ್ದಾಗ ಗಿರಣಿಯ ಸಾಹುಕಾರರ ಫೋನು ಬಂತು. "ಕುಬೇರಪ್ಪ, ನಾಳಿಂದ ಗೋದಾಮಿನ ಕೀಲಿ ಕಲ್ಲೇಶನ ಕೈಯಾಗ ಕೊಟ್ಟುಬಿಡು. ಹೆತ್ತಾಕಿನ್ನ ಹಿತ್ತಲದಾಗ ಹಾಕಿದಾವ ನನ್ನ ಅಕ್ಕಿ ಎಲ್ಲಿ ಹಾಕ್ತಾನೋ!"

ಕುಬೇರಪ್ಪನಿಗೆ ನಿಜವಾಗಿ ಹೆದರಿಕೆಯಾಯಿತು. ಅವನಿಗೆ ಆಸ್ತಿಯಿರಲಿಲ್ಲ, ಕತೆಗಾರನೆಂಬ ಕೀರ್ತಿಯೂ ಇರಲಿಲ್ಲ. ತಾಯಿಯನ್ನು ನೋಡಿಕೊಂಡ ಮಗ ಎನ್ನುವ ಒಂದು ಹೆಸರಿತ್ತು. ಅದನ್ನು ಬಾಯಿಬಿಟ್ಟು ಹೇಳಿಕೊಂಡವನಲ್ಲ, ಆದರೆ ಅದರ ಮೇಲೆಯೇ ಒರಗಿ ಇಷ್ಟು ವರ್ಷ ಬದುಕಿದ್ದ. ಈಗ ಅದನ್ನು ಉಳಿಸಬಲ್ಲವರು ಒಬ್ಬರೇ. ಅವ್ವನ ಹತ್ತಿರ ಹೋಗಿ ಕೂತ.

"ಕತಿ ಕೇಳಿದೇನಬೇ?"

"ಜರೀನಾ ಬಂದು ಪೂರಾ ಓದಿ ಹೇಳಿದ್ಳು. ಇನ್ನೊಂದ್ಸಲ ಓದವ್ವಾ ಅಂದೆ. ಮತ್ತ ಓದಿದ್ಳು." ಅವ್ವ ಕುಟ್ಟಾಣಿಯಲ್ಲಿ ಅಡಿಕೆ ಹಾಕಿ ಕುಟ್ಟತೊಡಗಿದಳು.

"ಮಂದಿ ಏನೇನೋ ತಿಳಕೊಂಡಾರ. ನೀನರ ನಾಕು ಮಾತು ಹೇಳಬೇ."

"ಹೇಳ್ತೀನಿ ತಡಿ. ಯಾರ ಮುಂದ ಹೇಳಬೇಕೋ ಅವರು ಬರ್ಲಿ."

ಕುಬೇರಪ್ಪನಿಗೆ ಹೋದ ಜೀವ ಬಂದಂತಾಯಿತು. ಆ ಕುಟ್ಟಾಣಿಯ ಸದ್ದು ಅವನಿಗೆ ಎಂದೂ ಅಷ್ಟು ಹಿತವಾಗಿ ಕೇಳಿರಲಿಲ್ಲ.

ಹೊತ್ತು ಇಳಿಯುವಾಗ ಓಣಿಗೆ ಒಂದು ಕ್ರೂಸರ್ ಗಾಡಿ ಬಂದು ನಿಂತಿತು. ಇಳಿದವನು ದ್ಯಾಮಣ್ಣ. ಕೈಯಲ್ಲಿ ಬಾಳೆಹಣ್ಣಿನ ಗೊನೆ, ಹೆಗಲ ಮೇಲೆ ಹೊಸ ಶಾಲು, ಅತ್ತು ಅತ್ತು ಕೆಂಪಾದ ಕಣ್ಣು. ಹಿಂದೆಯೇ ಕನಕಮ್ಮ, ಅವಳ ಹಿಂದೆ ಓಣಿಗೆ ಓಣಿಯೇ. ಅಣ್ಣನನ್ನು ಕಂಡದ್ದೇ ದ್ಯಾಮಣ್ಣ ತೆಕ್ಕೆಗೆ ಬಿದ್ದ.

"ಅಣ್ಣಾ! ಕನಕಮ್ಮಕ್ಕ ಫೋನಿನ್ಯಾಗ ಪೂರಾ ಓದಿ ಹೇಳಿದ್ಳು. ಗಾಡಿ ಬದಿಗೆ ಹಚ್ಚಿ ಅತ್ತೆ ನೋಡು. ನಾ ಇಷ್ಟು ಛಲೋ ಮನಷ್ಯಾ ಅಂತ ನನಗೇ ಗೊತ್ತಿದ್ದಿಲ್ಲೋ!"

"ದ್ಯಾಮಾ, ಅದು ನೀ ಅಲ್ಲಪಾ..."

"ಮತ್ತ ಇಲ್ಲಿ ಇನ್ನೊಬ್ಬ ಸಣ್ಣಮಗ ಯಾರದಾನ?" ಎಂದಳು ಕನಕಮ್ಮ. "ಬರದು, ಓಣಿ ಮಂದಿ ಮುಂದ ಈಗ ತಿರುವಿ ಹಾಕ್ತೀರೇನು?"

"ಅವ್ವನ್ನ ಕರಕೊಂಡು ಹೋಗಾಕ ಬಂದೀನಣ್ಣಾ," ಎಂದ ದ್ಯಾಮಣ್ಣ. ಶಾಲಿನ ತುದಿಯಿಂದ ಕಣ್ಣೊರೆಸಿಕೊಂಡ. ಅವನು ನಾಟಕ ಮಾಡುತ್ತಿರಲಿಲ್ಲ. ಅದೇ ದೊಡ್ಡ ತೊಂದರೆ.

ಕುಬೇರಪ್ಪ ಎರಡೂ ಕೈ ಎತ್ತಿದ. "ನನ್ನ ಮಾತು ಬ್ಯಾಡ್ರಿ. ಅವ್ವನ್ನೇ ಕೇಳ್ರಿ. ಅಕಿ ಹೇಳಿದ್ದು ಖರೇ."

ಅವ್ವ ಹೊರಗೆ ಬಂದಳು. ನೀಲಿ ದಡಿಯ ಇಳಕಲ್ ಸೀರೆ ಉಟ್ಟಿದ್ದಳು. ಅದನ್ನು ಯಾವಾಗ ಉಟ್ಟಳೋ ಯಾರಿಗೂ ಗೊತ್ತಾಗಿರಲಿಲ್ಲ. ಮೊದಲು ಕಿರಿಯನ ಮುಖ ನೋಡಿದಳು. ಆಮೇಲೆ ನೆರೆದವರನ್ನು ನೋಡಿದಳು.

"ಪೇಪರಿನ್ಯಾಗ ಬಂದದ್ದೆಲ್ಲ ಖರೇ ಐತಿ," ಎಂದು ಹೇಳಿ ಒಳಗೆ ಹೋದಳು.

ಓಣಿಯವರೆಲ್ಲ ಒಂದೇ ಸಲ ಕುಬೇರಪ್ಪನ ಕಡೆ ತಿರುಗಿದರು. ಅವನು ಯಾರನ್ನೂ ನೋಡದೆ ಅವ್ವನ ಹಿಂದೆ ಓಡಿದ. ಅವಳು ಕೈಚೀಲದಲ್ಲಿ ಕುಟ್ಟಾಣಿ ಇಡುತ್ತಿದ್ದಳು.

"ಏನಂದಿಬೇ ನೀನು? ನಿನ್ನ ನೋಡಿಕೊಂಡಾವ ನಾನು!"

"ಸಣ್ಣಕ ಮಾತಾಡು. ಹೇಮಗುಡ್ಡದ ತಾಯಿ ಮುಂದ ಅಮಾಸಿಗೊಮ್ಮೆ ಏನು ಬೇಡ್ಕೊತಿದ್ದೆ, ಗೊತ್ತೈತೇನು ನಿನಗ?"

"ಮಣಕಾಲು ಬ್ಯಾನಿ ಹೋಗ್ಲಿ ಅಂತ."

"ಮಣಕಾಲಿಗೆ ನೀ ಎಣ್ಣಿ ತಿಕ್ತಿದ್ದೆಲ್ಲ, ಅದಕ್ಯಾಕ ದೇವ್ರು ಬೇಕು? ದ್ಯಾಮ ಒಂದ್ಸಲ ಬಾಗಿಲಿಗೆ ಬಂದು 'ಅವ್ವಾ, ನಡಿ' ಅನ್ನಲಿ ಅಂತ ಬೇಡ್ಕೊತಿದ್ದೆ. ಆ ತಾಯಿ ನಿನ್ನ ಕೈಲೆ ಬರಿಸ್ಯಾಳ."

ಇಷ್ಟು ಅಮಾವಾಸ್ಯೆ ಆ ಗುಡ್ಡಕ್ಕೆ ಬೈಕು ಓಡಿಸಿದವನು ಕುಬೇರಪ್ಪನೇ.

"ಸುಳ್ಳು ಅಂತ ನಾ ಅಂದ್ರ ಅವ ಮಂದ್ಯಾಗ ತೆಲಿ ತಗ್ಗಿಸಿ ಹೋಗ್ತಾನು. ಮತ್ತ ಈ ಕಡೆ ಹಾಯೂದಿಲ್ಲ." ಅವ್ವ ಅವನ ಕೆನ್ನೆ ಸವರಿದಳು. "ನಿನಗ ಮಂದಿ ಕೆಟ್ಟಾವ ಅಂದ್ರ ನೀ ಕೆಡೂದಿಲ್ಲೋ ಕುಬೇರಾ. ಅವಗ ಛಲೋ ಮನಷ್ಯಾ ಅಂದ್ರ ಒಂದೀಟರ ಛಲೋ ಆಗ್ತಾನು. ಎಷ್ಟು ದಿನ ಹಂಗ ಇರ್ತಾನೋ ಇರ್ಲಿ. ಅಷ್ಟು ದಿನ ಅವನ ಕೈಲೆ ಉಂಡು ಬರ್ತೀನಿ."

ಅವನು ಅತ್ತುಬಿಟ್ಟ. ಅಳುತ್ತಲೇ, ಈ ಮಾತು ಕತೆಯಲ್ಲಿ ಬಂದಿದ್ದರೆ ಎಷ್ಟು ಛಂದ ಇರುತ್ತಿತ್ತು ಎಂದು ಅನಿಸಿತು. ಹಾಗೆ ಅನಿಸಿದ್ದಕ್ಕೆ ತನ್ನ ಮೇಲೆ ತನಗೇ ಹೇಸಿಗೆಯಾಯಿತು.

ಹೊರಗೆ ದ್ಯಾಮಣ್ಣ ಅವ್ವನನ್ನು ಗಾಡಿಗೆ ಹತ್ತಿಸತೊಡಗಿದ. ಅಭ್ಯಾಸವಿಲ್ಲದ ಕೈ, ನೋವಿನ ಕಾಲನ್ನೇ ಮೊದಲು ಎತ್ತಿಡಿಸಿದ.

"ಎಡಗಾಲು ಬ್ಯಾಡೋ! ಬಲಗಾಲು ಮೊದಲು!" ಎಂದು ಕುಬೇರಪ್ಪ ಬಾಗಿಲಿನಿಂದ ಕೂಗಿದ.

"ಈಗ ನೆನಪಾತೇನ್ರಿ ತಾಯಿ ಕಾಲು?" ಎಂದಳು ಕನಕಮ್ಮ. ಯಾರೋ ನಕ್ಕರು. ದ್ರಾಕ್ಷಾಯಿಣಿ ಮಾತ್ರ ನಗಲಿಲ್ಲ. ಅತ್ತೆಯ ಎಣ್ಣೆಯ ಶೀಸೆಯನ್ನು ತಂದು ಗಾಡಿಯಲ್ಲಿಟ್ಟು, ಬಂದು ಗಂಡನ ಪಕ್ಕದಲ್ಲಿ ನಿಂತಳು.

ಕ್ರೂಸರ್ ಹೊರಟಿತು. ಕುಬೇರಪ್ಪ ಚೌಕಟ್ಟು ಹಿಡಿದು ನಿಂತ. ಹಿಂದಿನ ಗಾಜಿನಲ್ಲಿ ಅವ್ವನ ತಲೆ, ಸೆರಗಿನ ನೀಲಿ ದಡಿ ಕಾಣುತ್ತಿತ್ತು. ಓಣಿಯ ತಿರುವಿನಲ್ಲಾದರೂ ನೋಡಿಯಾಳು ಎಂದು ಕೈ ಎತ್ತಿಕೊಂಡೇ ಕಾದ. ಗಾಡಿ ತಿರುಗಿತು.

ಅವ್ವ ಒಮ್ಮೆಯೂ ಹಿಂತಿರುಗಿ ನೋಡಲಿಲ್ಲ. ಜರೀನಾ ಅವಳಿಗೆ ಕತೆಯನ್ನು ಕೊನೆಯ ಸಾಲಿನವರೆಗೂ ಓದಿ ಹೇಳಿದ್ದಳು, ಅದೂ ಎರಡು ಸಲ.