ಹಡಗಿನ ಚಹಾದ ಸಾಹೇಬರು

ಗುಡಗೇರಿ ಸ್ಟೇಷನ್ನಿನ ಬೇಲಿಯ ಹೊರಗೆ ಚಹಾದಂಗಡಿ ಇಟ್ಟುಕೊಂಡಿದ್ದ ಹೊಳಬಸಪ್ಪನಿಗೆ ಹನ್ನೊಂದು ವರ್ಷದಿಂದ ಒಂದೇ ಆಸೆ: ಆ ಬೇಲಿಯ ಒಳಗೆ ಹೋಗಬೇಕು. ಪ್ಲಾಟ್‌ಫಾರ್ಮಿನ ಮೇಲೆ, ಬೇವಿನ ಗಿಡದ ಕೆಳಗೆ ಸ್ವಂತದ್ದೊಂದು ಸ್ಟಾಲು ಇಡಬೇಕು. ಹೊರಗಿನಿಂದ ಕಿಟ್ಲಿ ಹಿಡಿದು ಓಡಿ ಬರುವಷ್ಟರಲ್ಲಿ ಗಾಡಿ ಬಿಡುತ್ತಿತ್ತು. ಎಷ್ಟೋ ಗ್ಲಾಸುಗಳು ಅವನ ಕಣ್ಣೆದುರೇ ಹುಬ್ಬಳ್ಳಿಗೆ ಹೋಗಿದ್ದವು. ಹೋದದ್ದು ಒಂದೂ ತಿರುಗಿ ಬಂದಿರಲಿಲ್ಲ.

ಎಂಬತ್ನಾಲ್ಕರ ಶ್ರಾವಣದ ಒಂದು ಮುಂಜಾನೆ ಹುಬ್ಬಳ್ಳಿ ಗಾಡಿ ಎದುರು ಗಾಡಿಯ ಕ್ರಾಸಿಂಗಿಗೆಂದು ನಿಂತಾಗ, ಸ್ಟೇಷನ್ ಮಾಸ್ತರರು ತಾವಾಗಿಯೇ ಬೇಲಿಯ ಹತ್ತಿರ ಬಂದರು.

"ಹೊಳಬಸಪ್ಪ, ಫಸ್ಟ್ ಕ್ಲಾಸಿನ್ಯಾಗ ಶಂಭುಲಿಂಗಪ್ಪ ಅಂತ ಒಬ್ಬರು ಬಂದಾರ. ಕೊಚ್ಚಿಯೊಳಗ ಚಹಾಪುಡಿ ಲಿಲಾವು ಕೂಗ್ತಾರಲ್ಲ, ಅಲ್ಲಿ ರುಚಿ ನೋಡಾವ್ರು. ಅವರು ಹೂಂ ಅಂದ್ರನ ಮಾಲು ಹಡಗ ಹತ್ತಿ ಲಂಡನ್ನಿಗೆ ಹೋಗೂದು. ನಿನ್ನ ಚಹಾ ಛಲೋ ಅದ ಅಂತ ಅವರ ಕಡೆ ಒಂದು ಚೀಟಿ ಬರಸಿಕೋ. ಸ್ಟಾಲಿಗೆ ನಾ ಶಿಫಾರಸು ಮಾಡ್ತೀನಿ."

ಹೊಳಬಸಪ್ಪ ಕಿಟ್ಲಿಯನ್ನು ಒಲೆಯ ಮೇಲಿಟ್ಟ, ಇಳಿಸಿದ, ಮತ್ತೆ ಇಟ್ಟ. ಅದನ್ನು ಕಂಡು ನೆರೆಯವರಿಗೆ ಕರುಣೆ ಬಂತು. ನೆರೆಯವರ ಕರುಣೆಯಷ್ಟು ಅಪಾಯದ್ದು ಬೇರೆ ಇಲ್ಲ. ಬಾಜು ಬಳೆ ಮಾರುವ ಖಾಸಿಂಬಿ ಓಡಿ ಬಂದು, "ದೊಡ್ಡ ಮಂದಿ ಏಲಕ್ಕಿ ಬಿಟ್ಟು ಕುಡಿಯಂಗಿಲ್ಲ ಅಣ್ಣಾ" ಎಂದು ಒಂದು ಮುಷ್ಟಿ ಏಲಕ್ಕಿ ಹಾಕಿದಳು. ಜೋಳದ ದಲಾಲಿ ಈರಪ್ಪ, "ಏಲಕ್ಕಿ ಏನ್ ಮಾಡ್ತಿ ಬೇ, ಬೆಲ್ಲ ಬೇಕು ಬೆಲ್ಲ" ಎನ್ನುತ್ತ ಒಂದು ಹೆಂಟೆಯನ್ನೇ ಇಳಿಬಿಟ್ಟ. ಹೊಳಬಸಪ್ಪ ಗಾಬರಿಯಲ್ಲಿ ಪುಡಿಯನ್ನು ಎರಡು ಸಲ ಹಾಕಿದ. ಚಹಾ ಕಿಟ್ಲಿಯಿಂದ ಇಳಿಯಲು ಮನಸ್ಸಿಲ್ಲದಂತೆ ಇಳಿಯಿತು.

ಶಂಭುಲಿಂಗಪ್ಪನವರು ಬೇವಿನ ಗಿಡದ ಕೆಳಗೆ ನಿಂತು ಗ್ಲಾಸನ್ನು ಬೆಳಕಿಗೆ ಹಿಡಿದರು, ಮೂಸಿದರು. ಆಮೇಲೆ 'ಸುರ್ರ್' ಎಂದು ಎಳೆದ ಸದ್ದಿಗೆ ಬೆಂಚಿನಡಿ ಮಲಗಿದ್ದ ನಾಯಿ ಎದ್ದು ನಿಂತಿತು. ಕಣ್ಣು ಮುಚ್ಚಿ, ಚಹಾವನ್ನು ಬಾಯೊಳಗೆ ಆ ದವಡೆಯಿಂದ ಈ ದವಡೆಗೆ ಹೊರಳಿಸಿದರು. ಪ್ಲಾಟ್‌ಫಾರ್ಮಿನ ಮಂದಿಯೆಲ್ಲ ಉಸಿರು ಹಿಡಿದು ನೋಡುತ್ತಿದ್ದರು. ಸಾಹೇಬರು ಪಕ್ಕಕ್ಕೆ ತಿರುಗಿ ಗಿಡದ ಬುಡಕ್ಕೆ ಪಿಚಕ್ಕನೆ ಉಗುಳಿಬಿಟ್ಟರು.

"ಬೆಲ್ಲ ಹೆಚ್ಚಾತು ಅಂತ ನಾ ಆಗಳೆ ಅಂದಿದ್ದೆ" ಎಂದ ಈರಪ್ಪ.

ಹೊಳಬಸಪ್ಪನ ಕಣ್ಣು ತುಂಬಿದವು. ಹನ್ನೊಂದು ವರ್ಷದ ಆಸೆ ಗಿಡದ ಬುಡದಲ್ಲಿ ನೊರೆಯಾಗಿ ಬಿದ್ದಿತ್ತು.

"ಯಾಕ್ರಿ, ಮಾರಿ ಸಣ್ಣ ಮಾಡೀರಿ?" ಶಂಭುಲಿಂಗಪ್ಪನವರು ನಕ್ಕರು. "ದಿನಾ ನಾಕ್ನೂರು ಕಪ್ಪು ರುಚಿ ನೋಡಾವ್ರು ನಾವು. ಎಲ್ಲಾ ನುಂಗಿದ್ರ ಹೊಟ್ಟಿ ಕೆರಿ ಆಗತೈತಿ. ಛಲೋ ಇದ್ರೂ ಉಗುಳೂದ, ಕೆಟ್ಟಿದ್ರೂ ಉಗುಳೂದ. ಬೆಟ್ಟದ ಮ್ಯಾಲ ಚಿಗುರು ಚಿವುಟಿ, ಬಾಡಸಿ, ಹೊಸಕಿ, ಒಣಗಿಸಿ ಜರಡಿ ಹಿಡೀತಾರ. ಮ್ಯಾಲ ಉಳಿದ ಎಲಿ ಪೆಟಗಿ ತುಂಬಿ ಹಡಗ ಹತ್ತತೈತಿ. ಕೆಳಗ ಬಿದ್ದ ಪುಡಿ ಗಾಡಿ ಹತ್ತಿ ನಿಮ್ಮ ಕಡೆ ಬರತೈತಿ. ಆ ಪುಡಿಯೊಳಗ ಇಂಥಾ ಚಹಾ ಮಾಡಾವ್ರನ್ನ ಇವತ್ತ ಕಂಡೆ ನೋಡ್ರಿ. ಲಂಡನ್ನಿನವರಿಗೆ ಈ ಪುಣ್ಯ ಇಲ್ಲ."

ಚೀಟಿಯ ಮೇಲೆ 'ಅತ್ಯುತ್ತಮ' ಎಂದು ಬರೆದು ರುಜು ಹಾಕಿದರು. ಎದುರು ಗಾಡಿ ಬಂತು, ಅವರ ಗಾಡಿ ಹೋಯಿತು.

ಹೊಳಬಸಪ್ಪನಿಗೆ ಹಿಗ್ಗು ತಡೆಯದಾಯಿತು. "ಎಲ್ಲಾರೂ ಕುಡೀರಿ, ಇವತ್ತ ಪುಕ್ಕಟ!" ಎಂದು ಕಿಟ್ಲಿ ಹಿಡಿದು ಪ್ಲಾಟ್‌ಫಾರ್ಮಿನ ತುಂಬ ಓಡಾಡಿದ.

ಮೊದಲ ಗ್ಲಾಸು ಈರಪ್ಪನದು. ಅವನು ಸೊಂಟದ ಮೇಲೆ ಕೈಯಿಟ್ಟು, ಕಣ್ಣು ಮುಚ್ಚಿ, 'ಸುರ್ರ್' ಎಂದು ಎಳೆದು ಪಿಚಕ್ಕನೆ ಉಗುಳಿದ. "ಅತ್ಯುತ್ತಮ!" ಖಾಸಿಂಬಿಯೂ ಸೆರಗು ಸರಿಮಾಡಿಕೊಂಡು ಉಗುಳಿ, "ಬೆಲ್ಲಕ್ಕಿಂತ ಏಲಕ್ಕಿ ಮುಂದ ಐತಿ" ಎಂದಳು. ಹಮಾಲರು ಉಗುಳಿದರು. ಎದುರು ಗಾಡಿಯವರು, ಈ ಊರಿನ ಪದ್ಧತಿಯೇ ಹೀಗೆಂದು ತಿಳಿದು, ಕಿಟಕಿಯಿಂದ ಉಗುಳಿದರು. ಒಂದೊಂದು ಉಗುಳಿಗೂ ಹೊಳಬಸಪ್ಪನ ಎದೆ ಒಂದೊಂದು ಗೇಣು ಉಬ್ಬಿತು. 'ಇಲ್ಲಿ ಉಗುಳಬಾರದು' ಎಂಬ ಹಲಗೆಯೂ ನೆನೆದು ಹೋಯಿತು.

ಗಾಡಿಗೆ ಹಸಿರು ಬಾವುಟ ತೋರಿಸಿ ತಿರುಗಿದ ಮಾಸ್ತರರ ಬಿಳಿ ಪ್ಯಾಂಟಿನ ಮೇಲೆ ಆಗಲೇ ನಾಲ್ಕಾರು ಕಂದು ಚುಕ್ಕೆಗಳಿದ್ದವು. ಹೊಳಬಸಪ್ಪ ಓಡಿಹೋಗಿ ಚೀಟಿ ಮುಂದೆ ಹಿಡಿದ.

"ಬರಸಿಕೊಂಡೇನ್ರಿ ಸಾಹೇಬ್ರ! ನೋಡ್ರಿ, ಅತ್ಯುತ್ತಮ!"

ಮಾಸ್ತರರು ಚೀಟಿ ನೋಡಿದರು, ಪ್ಲಾಟ್‌ಫಾರ್ಮು ನೋಡಿದರು, ಪ್ಯಾಂಟು ನೋಡಿಕೊಂಡರು.

"ಚೀಟಿ ಖರೇನ ಅದ. ಆದ್ರ ಒಂದ ದಿನಕ್ಕ ಹಿಂಗಾದ್ರ, ಸ್ಟಾಲು ಇಟ್ಟ ಮ್ಯಾಲ ನನ್ನ ಸ್ಟೇಷನ್ ಗತಿ ಏನೋ? ಆಗಂಗಿಲ್ಲ. ಅಂಗಡೀನೂ ಬೇಲಿಯಿಂದ ಇಪ್ಪತ್ತು ಮಾರು ಹಿಂದಕ್ಕ ಸರಸು."

ಹೊಳಬಸಪ್ಪ ಚೀಟಿಯನ್ನು ಮಡಿಚಿ ಕಿಸೆಯಲ್ಲಿಟ್ಟುಕೊಂಡ. ಅವನ ಮುಖ ನೋಡಲಾಗದೆ ಮಾಸ್ತರರು, "ಇರಲಿ, ಎಲ್ಲಿ, ನನಗೂ ಒಂದೀಟು ಹಾಕು" ಎಂದು ಗ್ಲಾಸು ಹಿಡಿದರು. ಕಿಟ್ಲಿಯಲ್ಲಿ ಉಳಿದದ್ದನ್ನೆಲ್ಲ ಅವನು ಬಗ್ಗಿಸಿದ.

ಮಾಸ್ತರರು ಕಣ್ಣು ಮುಚ್ಚಿ 'ಸುರ್ರ್' ಎಂದು ಎಳೆದರು. ಆಮೇಲೆ ನಿಯಮ ತಪ್ಪದಂತೆ ಬೇಲಿಯವರೆಗೆ ನಡೆದುಹೋಗಿ, ಆಚೆಗೆ, ಹೊಳಬಸಪ್ಪನ ಅಂಗಡಿಯ ಕಡೆಗೆ ಉಗುಳಿದರು.

"ಅಗದೀ ಅತ್ಯುತ್ತಮ ಅದ ನೋಡು" ಎಂದರು.