ಡಬ್ಬಿಯೊಳಗಿನ ಚೈನು

ಅರ ಉಜ್ಜಿದರೆ ಕೈ ನೋಯುತ್ತದೆ. ಮೇಸ್ತ್ರಿಯ ಕೈಯಾಳು ಪುಕ್ಕಲನ ಕಷ್ಟ ಶುರುವಾದದ್ದು ಅಷ್ಟರಿಂದಲೇ.

ಮರ ಕೊಯ್ಯುವ ಮಷೀನಿನ ಚೈನಿಗೆ ಎರಡು ಸಾಲು ಹಲ್ಲು, ಒಂದು ಎಡಕ್ಕೆ, ಒಂದು ಬಲಕ್ಕೆ. ಒಂದೊಂದನ್ನೂ ದುಂಡು ಅರದಿಂದ ಕೈಯಲ್ಲೇ ಉಜ್ಜಿ ಹರಿತ ಮಾಡಬೇಕೆಂಬುದು ಮೇಸ್ತ್ರಿಯ ಕಟ್ಟಪ್ಪಣೆ. "ಎಡಕ್ಕೆ ಎಷ್ಟು ಉಜ್ಜಿದ್ಯೋ ಬಲಕ್ಕೂ ಅಷ್ಟೇ ಉಜ್ಜು. ಹೆಚ್ಚುಕಮ್ಮಿ ಆದ್ರೆ ಕೊಯ್ತ ಬಾಗುತ್ತೆ. ಕೊಯ್ತ ಬಾಗಿದ್ರೆ ಮರ ನಮ್ಮ ಮಾತು ಕೇಳಲ್ಲ" ಎಂದು ಆತ ಹೇಳದ ದಿನವಿರಲಿಲ್ಲ. ಕರೆಂಟಿನಲ್ಲಿ ಸಾಣೆ ಹಿಡಿಯುವ ಗ್ರೈಂಡರಿನ ಹೆಸರೆತ್ತಿದರೆ ಉರಿದುಬೀಳುತ್ತಿದ್ದ.

ಹಿಂದಿನ ಸಂಜೆ ಎಡಸಾಲು ಮುಗಿಸುವಷ್ಟರಲ್ಲಿ ಪುಕ್ಕಲನ ತೋಳು ಒದ್ದೆ ಬಟ್ಟೆಯಂತೆ ಜೋತುಬಿದ್ದಿತ್ತು. ಬಲಸಾಲನ್ನು ಬೆಳಿಗ್ಗೆಗೆ ಬಿಟ್ಟ. ಬೆಳಿಗ್ಗೆ ಎಚ್ಚರವಾಗುವಾಗ ತಡವಾಗಿತ್ತು. ಪಕ್ಕದಲ್ಲೇ ಷಡ್ಡಕನ ವೆಲ್ಡಿಂಗ್ ಅಂಗಡಿ. ಕಂಡವರ ಕೆಲಸಕ್ಕೆಲ್ಲ ಮೂಗು ತೂರಿಸುವ ಆಸಾಮಿ ಅವನು. ಕೊಡಿಲ್ಲಿ ಎಂದು ಚೈನನ್ನು ಕಸಿದುಕೊಂಡು ಗ್ರೈಂಡರಿಗೆ ಹಿಡಿದೇಬಿಟ್ಟ. ಕಿಡಿ ಹಾರಿತು. ಬಲಸಾಲಿನ ಹಲ್ಲೆಲ್ಲ ಅರ್ಧ ಸವೆದು, ಕಾವಿಗೆ ನೀಲಿಗಟ್ಟಿತು.

"ನೀಲಿ ಬಂದಿದೆ. ನೋಡೋಕೂ ಲಕ್ಷಣವಾಗಿದೆ" ಎಂದ ಷಡ್ಡಕ.

ಮೇಸ್ತ್ರಿಗೆ ಕಂಡರೆ ಪುಕ್ಕಲನ ಕಥೆ ಮುಗಿದಂತೆಯೇ. ಹಳೇ ಎಂಜಿನ್ ಆಯಿಲಿನಲ್ಲಿ ಚೈನನ್ನು ಅದ್ದಿ, ನೀಲಿ ಕಾಣದಂತೆ ಕಪ್ಪು ಮಾಡಿಕೊಂಡು ಕೆಲಸಕ್ಕೆ ಓಡಿದ.

ಅಂದು ಬೀಳಿಸಬೇಕಾಗಿದ್ದ ಮರ ಒಂದು ಅಡುಗೆಮನೆಯ ಪಕ್ಕದಲ್ಲಿತ್ತು. ಎದುರಿನ ಖಾಲಿ ಅಂಗಳಕ್ಕೆ ಬಿದ್ದರೆ ಕ್ಷೇಮ. ಬಾಗಿದರೆ ಅಡುಗೆಮನೆ. ಅಡುಗೆಮನೆಯೊಳಗೆ ಅಜ್ಜಿ. ಮೇಸ್ತ್ರಿ ಪುಕ್ಕಲನಿಂದ ಚೈನು ತೆಗೆದುಕೊಂಡು ಹಲ್ಲಿನ ಮೇಲೆ ಹೆಬ್ಬೆರಳು ಸವರಿದ. ಮಷೀನನ್ನೂ ಆಯಿಲ್ ಡಬ್ಬಿಯನ್ನೂ ಎತ್ತಿಕೊಂಡು ಕಾಂಪೌಂಡ್ ಗೋಡೆಯಾಚೆ ತನ್ನ ಸ್ಕೂಟರ್ ನಿಂತಿದ್ದ ಕಡೆ ಹೋಗಿ, ಚೈನು ಜೋಡಿಸಿಕೊಂಡು ಬಂದ. ತಾನೇ ಅರ ಹಾಕಿದ ಇನ್ನೊಂದು ಚೈನು ಆ ಡಬ್ಬಿಯ ಕಪ್ಪು ಆಯಿಲಿನಲ್ಲಿ ಸದಾ ಮುಳುಗಿರುತ್ತಿತ್ತು.

ಪುಕ್ಕಲನಿಗೆ ಆಮೇಲೆ ಕಂಡದ್ದೆಲ್ಲ ಮರದಡಿಯ ಹೆಣವೇ. ಅಜ್ಜಿಯನ್ನಾದರೂ ಹೊರಗೆ ಕರೆತರೋಣವೆಂದು ಅಡುಗೆಮನೆಗೆ ನುಗ್ಗಿದ.

"ಒಲೆ ಮೇಲೆ ಹಾಲಿದೆ ಕಣಪ್ಪ. ಅದು ಉಕ್ಕೋವರೆಗೂ ನಾನು ಎಲ್ಲಿಗೂ ಬರಲ್ಲ" ಎಂದರು ಅಜ್ಜಿ. ಅವನ ಮುಖ ನೋಡಿ, "ಹೊಟ್ಟೆ ಕೆಟ್ಟಿದ್ಯಾ? ಹಿತ್ತಲಲ್ಲಿದೆ ನೋಡು" ಎಂದು ದಾರಿಯನ್ನೂ ತೋರಿಸಿದರು.

ಅಷ್ಟು ಸಾಕಾಯಿತು ಹೊರಗಿದ್ದ ಇನ್ನೊಬ್ಬ ಆಳಿಗೆ, ಹಗ್ಗದವನಿಗೆ. ಮರಕ್ಕೆ ಹಗ್ಗ ಕಟ್ಟುವುದನ್ನು ಬಿಟ್ಟು, ಪುಕ್ಕಲನಿಗೆ ಭೇದಿಯೆಂದು ಬೀದಿಗೆಲ್ಲ ಕೇಳುವಂತೆ ಸಾರಿದ. ಪಕ್ಕದ ಮನೆಯವರು ಎರಡು ಮಾತ್ರೆ ತಂದರು, ಎದುರುಮನೆಯವರು ಎರಡೂ ಮಾತ್ರೆ ಒಟ್ಟಿಗೆ ನುಂಗಬೇಕೆಂದರು. ನಿಜ ಹೇಳಿದರೆ ಕೆಲಸ ಹೋಗುತ್ತದೆ, ಹೇಳದಿದ್ದರೆ ಅಜ್ಜಿ ಹೋಗುತ್ತಾರೆ. ಪುಕ್ಕಲ ಎರಡೂ ಮಾತ್ರೆ ನುಂಗಿದ. ಬೇಡಿಬೇಡಿ, ಕೊನೆಗೆ ಅಜ್ಜಿಯನ್ನು ಕೈಹಿಡಿದು ಬೀದಿಗೆ ತಂದು ನಿಲ್ಲಿಸಿದ.

ಅಷ್ಟರಲ್ಲಿ ಮೇಸ್ತ್ರಿಯೂ ಹಗ್ಗದವನೂ ಮರ ಎತ್ತ ವಾಲಿದೆಯೆಂದು ನೋಡಲು ಮನೆಯ ಹಿಂದೆ ಹೋದರು. ಮಷೀನು ಒಂಟಿಯಾಗಿತ್ತು. ಪಕ್ಕದಲ್ಲೇ ಆಯಿಲ್ ಡಬ್ಬಿ.

ಪುಕ್ಕಲ ಕಳ್ಳಬೆಕ್ಕಿನಂತೆ ಕೂತ. ಬಿಚ್ಚಿದ. ಮಷೀನಿನ ಚೈನನ್ನು ಡಬ್ಬಿಗೆ ಹಾಕಿ, ಡಬ್ಬಿಯಲ್ಲಿದ್ದದ್ದನ್ನು ಮಷೀನಿಗೆ ಹಾಕಿದ. ಎರಡೂ ಮಸಿಯಂತೆ ಕಪ್ಪು. ಹಲ್ಲು ಸವರಿ ನೋಡಲು ವೇಳೆ ಇರಲಿಲ್ಲ. ಮುಗಿಸಿ ಎದ್ದಾಗ ಹೋದ ಜೀವ ಬಂದಂತಾಗಿತ್ತು. ಇನ್ನು ಮರ ಕೊಯ್ಯುವುದು ಮೇಸ್ತ್ರಿಯ ಕೈಯರದ ಚೈನು. ಭಯವೆಲ್ಲಿ?

"ಹಾಲು ಉಕ್ಕುತ್ತೆ ಅಜ್ಜಿ, ಒಳಗೆ ಹೋಗಿ ನೋಡ್ಕೊಳ್ಳಿ" ಎಂದು ಅವನೇ ನಗುನಗುತ್ತ ಅವರನ್ನು ಕಳಿಸಿಕೊಟ್ಟ.

ಮಷೀನು ಗುಡುಗಿತು. ಸ್ವಲ್ಪ ದೂರ ನೆಟ್ಟಗೆ ಹೋದ ಕೊಯ್ತ ಮೆಲ್ಲಗೆ ಮೇಲಕ್ಕೆ ಬಾಗತೊಡಗಿತು. ಮೇಸ್ತ್ರಿಯ ಹುಬ್ಬು ಗಂಟಾಯಿತು. ಪುಕ್ಕಲನ ನಗು ಹಲ್ಲಿನ ಮೇಲೇ ಒಣಗಿತು. ಮರ ಲಟಲಟನೆ ಮುರಿದು, ಅಂಗಳದ ಕಡೆ ಹೊರಟದ್ದು ಅರ್ಧದಲ್ಲಿ ಮನಸ್ಸು ಬದಲಿಸಿ, ಅಡುಗೆಮನೆಯ ಕಡೆ ತಿರುಗಿತು. ಹಗ್ಗದವನು ಹಗ್ಗ ಬಿಟ್ಟು ಓಡಿದ. ಪುಕ್ಕಲನಿಗೆ ಓಡಲೂ ಆಗಲಿಲ್ಲ, ಕಣ್ಣು ಮುಚ್ಚಲೂ ಆಗಲಿಲ್ಲ.

ಧೂಳು ಇಳಿಯಿತು. ಮರ ಅಡುಗೆಮನೆಯ ಸೂರಿನಂಚು ಸವರಿಕೊಂಡು, ಕಾಂಪೌಂಡ್ ಗೋಡೆ ಮುರಿದು, ಮೇಸ್ತ್ರಿಯ ಸ್ಕೂಟರಿನ ಮೇಲೆ ಉದ್ದಕ್ಕೆ ಮಲಗಿತ್ತು. ಅಜ್ಜಿ ಹಾಲಿನ ಪಾತ್ರೆ ಹಿಡಿದು ಹೊರಬಂದರು.

"ಬಾಗಿಲು ಬಡಿದೋರು ಯಾರು?"

ಮೇಸ್ತ್ರಿ ಬುಡದ ಮುಂದೆ ಕುಕ್ಕರಗಾಲಿನಲ್ಲಿ ಕೂತು, ಬಟ್ಟಲಿನಂತೆ ಬಾಗಿದ ಕೊಯ್ತವನ್ನು ಬಹಳ ಹೊತ್ತು ಸವರುತ್ತಿದ್ದ. ಬಳಿಕ ಪುಕ್ಕಲನನ್ನು ಕರೆದ. ದನಿಯಲ್ಲಿ ಸಿಟ್ಟಿರಲಿಲ್ಲ. ಪುಕ್ಕಲನಿಗೆ ಅದರಿಂದಲೇ ಹೆಚ್ಚು ಹೆದರಿಕೆಯಾಯಿತು.

"ಬೆಳಿಗ್ಗೆ ನಿನ್ನ ಚೈನು ಮುಟ್ಟಿದ ಕೂಡ್ಲೇ ಗೊತ್ತಾಯ್ತು, ಗ್ರೈಂಡರ್ ಕೆಲ್ಸ ಅಂತ. ಎಲ್ಲರ ಮುಂದೆ ಯಾಕೆ ಬೈಯೋದು ಅಂತ ಸುಮ್ನಿದ್ದೆ. ನಿಂದನ್ನ ಡಬ್ಬಿಗೆ ಹಾಕಿ, ನಂದನ್ನೇ ಮಷೀನಿಗೆ ಹಾಕ್ದೆ."

ಪುಕ್ಕಲನ ಕಣ್ಣು ಡಬ್ಬಿಯಿಂದ ಮಷೀನಿಗೆ, ಮಷೀನಿನಿಂದ ಡಬ್ಬಿಗೆ ಓಡಿತು.

"ನನ್ನ ಅರನೇ ಸುಳ್ಳಾಡ್ತು ಕಣೋ. ಕಣ್ಣೂ ಹೋಯ್ತು, ಕೈಯೂ ಹೋಯ್ತು" ಎನ್ನುತ್ತ ಮೇಸ್ತ್ರಿ ಸೊಂಟದಲ್ಲಿದ್ದ ಅರಗಳನ್ನು ಬಿಚ್ಚಿ ಕೆಳಗಿಟ್ಟ. "ಇನ್ಮೇಲೆ ಎಲ್ಲಾ ಚೈನೂ ನಿನ್ನ ಷಡ್ಡಕನ ಗ್ರೈಂಡರಿಗೇ ಹಾಕ್ಸು. ಮಷೀನೂ ನೀನೇ ಹಿಡಿ. ನಾಳೆ ಶಾಲೆ ಅಂಗಳದ ಮರ."

ಆತ ಸ್ಕೂಟರ್ ಇಲ್ಲದೆ ನಡೆದುಕೊಂಡೇ ಹೊರಟ. ಬೀದಿಯ ತಿರುವು ದಾಟುವವರೆಗೂ ಪುಕ್ಕಲ ಕೂಗಿ ಕರೆಯಬೇಕೆಂದುಕೊಳ್ಳುತ್ತಲೇ ಇದ್ದ.

ಆಮೇಲೆ ಮಷೀನಿನ ಮುಂದೆ ಕೂತು, ಒಂದು ಹಲ್ಲಿನ ಮೇಲಿನ ಕಪ್ಪನ್ನು ಹೆಬ್ಬೆರಳಿನಿಂದ ಒರೆಸಿದ. ನೀಲಿ ಹಾಗೇ ಇತ್ತು. ಸುತ್ತ ಒಮ್ಮೆ ನೋಡಿ, ಅದೇ ಬೆರಳಿನಿಂದ ಕಪ್ಪನ್ನು ಮತ್ತೆ ಬಳಿದ.